ಹೈದರಾಬಾದಿನ ಬಿಸಿಲು, ಅಜ್ಜಿಯ ಎರಡನೇ ಡಿಕಾಕ್ಷನ್

ಮೇ ತಿಂಗಳಲ್ಲಿ ಹೈದರಾಬಾದನ್ನು ಸುತ್ತಿ ನೋಡಿ ಎಂದು ಹೇಳುವವನು ಒಂದೋ ಹುಚ್ಚ, ಇಲ್ಲವೆ ಛತ್ರಿ ಮಾರುವವನು. ನಾನು ಎರಡೂ ಅಲ್ಲ. ಆದರೂ ಯುವ ಮಿತ್ರರೆ, ಬರುವ ಮೇ ತಿಂಗಳ ಒಂದು ಭಾನುವಾರ ನನ್ನ ಜೊತೆ ಬನ್ನಿ ಎಂದು ಕರೆಯುತ್ತಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರು ಈ ಊರಿನಲ್ಲೇ ಹುಟ್ಟಿ ಬೆಳೆದವರು. ಚಾರ್‌ಮಿನಾರ್, ಗೋಲ್ಕೊಂಡಾ ತೋರಿಸುತ್ತೇನೆಂದರೆ ನೀವು ನಗುತ್ತೀರಿ. ನಾನು ತೋರಿಸಬೇಕೆಂದಿರುವುದು ಬೇರೊಂದು ದಾರಿ. ಅದು ಕಾಚಿಗುಡ ಸ್ಟೇಷನ್ನಿನಲ್ಲಿ ಒಂದು ಕಾಫಿಪುಡಿಯ ಪೊಟ್ಟಣದಿಂದ ಶುರುವಾಗಿ, ಕೊಂಡಾಪುರದ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ಲೋಟ ತಣ್ಣನೆಯ ಕಾಫಿಯಲ್ಲಿ ಮುಗಿಯುತ್ತದೆ. ಆ ಕಾಫಿಯನ್ನು ಮಾಡುವುದು ಕ್ಯಾಪ್ಸೂಲ್ ಯಂತ್ರದಿಂದ. "ಗುಂಡಿ ಒತ್ತಿದರೆ ಆಗುವ ಕಾಫಿಗೆ ಊರೆಲ್ಲ ಸುತ್ತಬೇಕೆ?" ಎಂದು ನೀವು ಕೇಳುವಿರಿ. ಯಂತ್ರ ತನ್ನ ಕೆಲಸವನ್ನು ಮೂವತ್ತು ಸೆಕೆಂಡಿನಲ್ಲಿ ಮುಗಿಸುತ್ತದೆ, ನಿಜ. ಉಳಿದದ್ದನ್ನು ಕಲಿಯಲು ನಮ್ಮ ಮನೆಗೆ ಒಂದೂವರೆ ವರ್ಷ ಹಿಡಿಯಿತು.

ಬೆಳಿಗ್ಗೆ ಬೇಗ ಬನ್ನಿ, ಬಿಸಿಲೇರುವ ಮುಂಚೆ. ಕಾಚಿಗುಡ ಸ್ಟೇಷನ್ನಿನ ಕಟ್ಟಡ 1916ರದ್ದು. ಗುಮ್ಮಟ, ಮಿನಾರುಗಳನ್ನು ಹೊತ್ತ ಅದರ ಮುಖವನ್ನು ಎಳೆಬಿಸಿಲಿನಲ್ಲಿ ನೋಡಬೇಕು. ರೈಲ್ವೆ ಸ್ಟೇಷನ್ನೋ ನವಾಬರ ಅರಮನೆಯೋ ಎಂದು ಅನುಮಾನ ಬರುತ್ತದೆ. ಬೆಂಗಳೂರಿನ ಕಡೆಯಿಂದ ರಾತ್ರಿಯೆಲ್ಲ ಓಡಿ ಬಂದ ಗಾಡಿ ನಿಲ್ಲುತ್ತಿದ್ದಂತೆ ಪ್ಲಾಟ್‌ಫಾರಂ ತುಂಬ ಕನ್ನಡ. 2023ರ ಸೆಪ್ಟೆಂಬರಿನಿಂದ ಯಶವಂತಪುರಕ್ಕೆ ವಂದೇ ಭಾರತ್ ಗಾಡಿಯೂ ಇಲ್ಲಿಂದಲೇ ಹೊರಡುತ್ತದೆ. ಅದು ಹಗಲು ಗಾಡಿ, ಚುರುಕು ಗಾಡಿ. ಆದರೆ ಅರ್ಧ ನಿದ್ದೆಯಲ್ಲಿ ಇಳಿದು, "ನಿಮ್ಮ ತಮ್ಮ ಕೊಟ್ಟಿದ್ದು ಸಾರ್, ತಗೊಳ್ಳಿ" ಎಂದು ಪೊಟ್ಟಣ ಕೈಗಿಡುವ ಪರಿಚಯದವರು ಸಿಗುವುದು ರಾತ್ರಿ ಗಾಡಿಯಲ್ಲೇ.

ನಾನು ಈ ಊರಿಗೆ ಬಂದದ್ದು 1986ರಲ್ಲಿ, ಬ್ಯಾಂಕಿನ ವರ್ಗಾವಣೆಯ ಮೇಲೆ. ಅಂದಿನಿಂದ ಹಾಸನದ ಒಂದೇ ಅಂಗಡಿಯ ಪುಡಿ ತಿಂಗಳಿಗೊಮ್ಮೆ ಹೀಗೇ ಬರುತ್ತಿದೆ: ನೂರಕ್ಕೆ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಹೈದರಾಬಾದಿನಲ್ಲಿ ಆಗ ಕಾಫಿಪುಡಿ ಸಿಗುತ್ತಿರಲಿಲ್ಲವೆಂದಲ್ಲ, ನಮ್ಮಮ್ಮನಿಗೆ ಒಪ್ಪುವ ಪುಡಿ ಸಿಗುತ್ತಿರಲಿಲ್ಲ. ಇಂದು ಮೊಬೈಲಿನಲ್ಲಿ ಬೆರಳಾಡಿಸಿದರೆ ಚಿಕ್ಕಮಗಳೂರಿನ ತೋಟದ ಪುಡಿಯೇ ಬಾಗಿಲಿಗೆ ಬರುತ್ತದೆ. ಆದರೂ ಪೊಟ್ಟಣ ತಪ್ಪಿಲ್ಲ. (ನಮ್ಮಮ್ಮ ನನ್ನ ಮಗಳಿಗೆ ಅಜ್ಜಿ. ಮನೆಯಲ್ಲಿ ಮೊಮ್ಮಗು ಹುಟ್ಟಿದ ದಿನದಿಂದ ಅವರು ಎಲ್ಲರಿಗೂ ಅಜ್ಜಿಯೇ. ಮುಂದೆ ನಾನೂ ಹಾಗೇ ಬರೆಯುತ್ತೇನೆ.)

ಪೊಟ್ಟಣ ಸಿಕ್ಕಿತು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳಿರುವ ಈ ಕಾಚಿಗುಡದ ಬೀದಿಗಳಲ್ಲಿ ಸ್ವಲ್ಪ ನಡೆಯೋಣ. "ನಾವು ಇಲ್ಲಿ ಹೊರಗಿನವರು" ಎಂದು ನಿಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯ ಕನ್ನಡಿಗನಿಗೆ ಇದು ಪರವೂರಲ್ಲ, ರಾಜಧಾನಿ. ಓದಲು, ಕೋರ್ಟಿಗೆ, ನೌಕರಿಗೆ, ಮದುವೆಯ ಜವಳಿಗೆ ಅವರು ಬರುತ್ತಿದ್ದದ್ದು ಇಲ್ಲಿಗೇ. ನಮ್ಮಂಥ ಹಳೇ ಮೈಸೂರಿನವರು ಬ್ಯಾಂಕು, ಕಾರ್ಖಾನೆಗಳ ಹಿಂದೆ ಆಮೇಲೆ ಬಂದವರು.

ಈ ಎರಡು ಬಗೆಯ ಕನ್ನಡಿಗರನ್ನು ಗುರುತಿಸಲು ಒಂದು ಸುಲಭ ಉಪಾಯವಿದೆ. ಮನೆಗೆ ಹೋದೊಡನೆ "ಚಹಾ ತಗೋತೀರೇನ್ರಿ?" ಎಂದು ಕೇಳಿದರೆ ರಾಜಧಾನಿಯವರು, "ಕಾಫಿ ತಗೋತೀರಾ?" ಎಂದರೆ ವರ್ಗಾವಣೆಯವರು. ನನ್ನಾಕೆ ಕಲಬುರಗಿಯವಳು. ಮೂವತ್ತೈದು ವರ್ಷಗಳಿಂದ ನಮ್ಮ ಒಲೆಯ ಒಂದು ಕಡೆ ಚಹಾದ ಪಾತ್ರೆ, ಇನ್ನೊಂದು ಕಡೆ ಕಾಫಿಯ ಹಾಲು. ಗಡಿ ವಿವಾದ ಬಗೆಹರಿದಿಲ್ಲ, ಆದರೆ ಶಾಂತಿ ಇದೆ. ಊರು ಮಾತ್ರ ಅವಳ ಪಕ್ಷ. ಮೂಲೆಗೊಂದು ಇರಾನಿ ಹೋಟೆಲು, ದಮ್ಮಿನ ಮೇಲೆ ಕುಳಿತ ಡಿಕಾಕ್ಷನ್, ಕಾಸಿ ಕಾಸಿ ಗಟ್ಟಿಯಾದ ಹಾಲು, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಹೌದು, ಚಹಾದವರೂ ಅದನ್ನು ಡಿಕಾಕ್ಷನ್ ಎಂದೇ ಕರೆಯುತ್ತಾರೆ. ಈ ಊರಿನಲ್ಲಿ ಕಾಫಿ ಕುಡಿಯುವುದೆಂದರೆ ಹೊಳೆಗೆ ಎದುರಾಗಿ ಈಜಿದ ಹಾಗೆ.

ಅದಕ್ಕೇ ಈಗ ಅಬಿಡ್ಸಿಗೆ ಹೋಗೋಣ. ಕೋಠಿ ದಾಟಿದರೆ ಆಟೋದಲ್ಲಿ ಹತ್ತು ನಿಮಿಷ. ಅಲ್ಲಿನ ಹಳೆಯ ತಾಜ್ ಮಹಲ್ ಹೋಟೆಲಿನಲ್ಲಿ ಇಡ್ಲಿ ತಿಂದು ಒಂದು ಫಿಲ್ಟರ್ ಕಾಫಿ ಕುಡಿಯಿರಿ. ಕಣ್ಣು ಮುಚ್ಚಿ ಕುಡಿಯಿರಿ, ಅವಸರ ಬೇಡ. ಆ ರುಚಿಯನ್ನು ನೆನಪಿಟ್ಟುಕೊಳ್ಳಿ, ಸಂಜೆಗೆ ಬೇಕಾಗುತ್ತದೆ. ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ತಾನೇ, ಯಾರ ಒತ್ತಾಯವೂ ಇಲ್ಲದೆ, ಪುಡಿಯ ನಡುವೆ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಚಿಕೋರಿ ಅದನ್ನು ಹಿಡಿದು ನಿಲ್ಲಿಸುತ್ತದೆ, ಗಟ್ಟಿ ಮಾಡುತ್ತದೆ, ಬಣ್ಣ ಕೊಡುತ್ತದೆ. ಹೀಗೆ ನಿಧಾನವಾಗಿ ಇಳಿದ ಡಿಕಾಕ್ಷನ್ನಿಗೆ ಕುದಿಯುವ ಹಾಲು ಬಿದ್ದಾಗ ಆಗುವುದು ಬೇರೆ ಯಾವ ದಾರಿಯಲ್ಲೂ ಆಗುವುದಿಲ್ಲ. ಇದನ್ನು ಒಪ್ಪಿಕೊಳ್ಳದೆ ಕ್ಯಾಪ್ಸೂಲ್ ಯಂತ್ರ ಕೊಂಡವರು ನಿರಾಶರಾಗುತ್ತಾರೆ. ನಾವೂ ಆದೆವು. ಅದನ್ನು ಮನೆಗೆ ಹೋದ ಮೇಲೆ ಹೇಳುತ್ತೇನೆ.

ಅಬಿಡ್ಸಿನಿಂದ ಮೊಅಜ್ಜಂ ಜಾಹಿ ಮಾರ್ಕೆಟ್ಟಿಗೆ ನಡೆದೇ ಹೋಗಬಹುದು. 1935ರ ಕಲ್ಲಿನ ಕಟ್ಟಡ, ಮೇಲೆ ಗಡಿಯಾರದ ಗೋಪುರ. ಇಲ್ಲಿನ ಐಸ್‌ಕ್ರೀಂ ಅಂಗಡಿಗಳು ನಿಮಗೆ ಗೊತ್ತೇ ಇರುತ್ತವೆ. ಮಾವಿನ ಕಾಲದಲ್ಲಿ ಮಾವು, ಸೀತಾಫಲದ ಕಾಲದಲ್ಲಿ ಸೀತಾಫಲ. ಒಂದು ಬಟ್ಟಲು ಕೊಡಿಸುತ್ತೇನೆ, ಆದರೆ ಅದರ ಜೊತೆಗೆ ಒಂದು ಪಾಠವೂ ಇದೆ. ಹಳೆಯ ಪದ್ಧತಿಯಲ್ಲಿ ಐಸ್‌ಕ್ರೀಂ ಮಾಡುವಾಗ ಹಾಲಿನ ಡಬ್ಬಿಯನ್ನು ಮರದ ಪೀಪಾಯಿಯೊಳಗಿಟ್ಟು ಸುತ್ತಲೂ ಮಂಜುಗಡ್ಡೆ ತುಂಬಿ ಅದರ ಮೇಲೆ ಕಲ್ಲುಪ್ಪು ಸುರಿಯುತ್ತಿದ್ದರು. ಉಪ್ಪು ಬಿದ್ದ ಮಂಜು ಬೇಗ ಕರಗುತ್ತದೆ, ಕರಗುತ್ತಾ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿಳಿಯುತ್ತದೆ, ಡಬ್ಬಿಯೊಳಗಿನ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಗಮನಿಸಬೇಕಾದದ್ದು ಇಷ್ಟೆ: ಮಂಜು ಹಾಲನ್ನು ತಣ್ಣಗೆ ಮಾಡುತ್ತದೆ, ಆದರೆ ಹಾಲಿಗೆ ಒಂದು ಹನಿ ನೀರೂ ಸೇರುವುದಿಲ್ಲ. ಇದೂ ಸಂಜೆಗೆ ಬೇಕು.

ಈಗ ಹನ್ನೊಂದೂವರೆ. ಟಾರು ಮೆತ್ತಗಾಗುವ ಹೊತ್ತು. ಗಾಂಧಿ ಭವನದ ಹತ್ತಿರ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಾಯಿಸಿ, ಹೈಟೆಕ್ ಸಿಟಿಯಲ್ಲಿ ಇಳಿಯೋಣ. ಸೈಬರ್ ಟವರ್ಸ್ ಉದ್ಘಾಟನೆಯಾದದ್ದು 1998ರಲ್ಲಿ. ಅದಕ್ಕೂ ಮುಂಚೆ ಈ ಕಡೆ ಬಂಡೆಗಳನ್ನು ನೋಡಲು ಬರುತ್ತಿದ್ದೆವು, ಬುತ್ತಿ ಕಟ್ಟಿಕೊಂಡು. ಇಲ್ಲಿನ ಕಚೇರಿಗಳಲ್ಲೇ ಕ್ಯಾಪ್ಸೂಲ್ ಯಂತ್ರವನ್ನು ನನ್ನ ಮಗಳು ಮೊದಲು ಕಂಡದ್ದು. ನಿಮ್ಮಲ್ಲೂ ಎಷ್ಟೋ ಮಂದಿ ದಿನಾ ಅದರ ಗುಂಡಿ ಒತ್ತುವವರು ಇದ್ದೀರಿ.

ಇನ್ನು ನಮ್ಮ ಮನೆ. ಚಪ್ಪಲಿ ಇಲ್ಲಿ ಬಿಡಿ. ಕಿಟಕಿಯ ಹತ್ತಿರ ಕುಳಿತಿರುವವರೇ ಅಜ್ಜಿ. ಸಕಲೇಶಪುರದ ಕಡೆಯವರು, ವಯಸ್ಸು ಎಂಬತ್ತಾರು. ಮದುವೆಯಾದ ಮರುದಿನದಿಂದ ಅರವತ್ತೈದು ವರ್ಷ ಬೆಳಗಿನ ಐದು ಗಂಟೆಗೆ ಎದ್ದು ಫಿಲ್ಟರಿಗೆ ನೀರು ಹಾಕಿದವರು. ಮನೆ ಬದಲಾಯಿತು, ಊರು ಬದಲಾಯಿತು, ಸೌದೆ ಒಲೆ ಹೋಗಿ ಸೀಮೆಎಣ್ಣೆ ಸ್ಟೌವು, ಅದು ಹೋಗಿ ಗ್ಯಾಸು ಬಂತು. ಫಿಲ್ಟರ್ ಮಾತ್ರ ಅದೇ, ಹಿತ್ತಾಳೆಯದು. ಆ ಡಿಕಾಕ್ಷನ್ ಇಳಿಯುವ ಇಪ್ಪತ್ತು ನಿಮಿಷದಲ್ಲಿ ಅವರು ಅಡುಗೆಮನೆಯ ಮಣೆಯ ಮೇಲೆ ಕುಳಿತು ಆ ದಿನದ ರಾಜ್ಯಭಾರವನ್ನೆಲ್ಲ ತೀರ್ಮಾನಿಸುತ್ತಿದ್ದರು. ಇವತ್ತು ಏನು ಸಾರು, ಯಾರಿಗೆ ಜ್ವರ, ಯಾರ ಮದುವೆಗೆ ಎಷ್ಟು ಮುಯ್ಯಿ. ನನ್ನ ಮಗಳು ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ದಖನಿ, ಕಚೇರಿಯಲ್ಲಿ ಇಂಗ್ಲಿಷ್ ಆಡುತ್ತಾ ಬೆಳೆದವಳು. ಅವಳಿಗೆ ಬರುವ ಕನ್ನಡವೆಲ್ಲ ಆ ಇಪ್ಪತ್ತು ನಿಮಿಷಗಳಲ್ಲಿ ಕಲಿತದ್ದು. ಈಗಲೂ ಬೇಡ ಎನ್ನಲು "ನಕ್ಕೋ ಅಜ್ಜಿ" ಎನ್ನುತ್ತಾಳೆ, ಆದರೆ "ಗಷ್ಟು", "ಕೆನೆ", "ಹದ" ಎನ್ನುವ ಮಾತುಗಳು ಅವಳ ಬಾಯಲ್ಲಿ ಸಕಲೇಶಪುರದವೇ.

ಎರಡು ವರ್ಷದ ಹಿಂದೆ ಅಜ್ಜಿಯ ಕೈ ನಡುಗಲು ಶುರುವಾಯಿತು. ನಮಗೆ ಹೇಳಲಿಲ್ಲ. ಒಂದು ದಿನ ಕುದಿಯುವ ನೀರು ಎಡಗೈಯ ಮಣಿಕಟ್ಟಿನ ಮೇಲೆ ಚೆಲ್ಲಿತು. ಅದನ್ನೂ ಹೇಳಲಿಲ್ಲ, ಎರಡು ದಿನ ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಓಡಾಡಿದರು. ಗೊತ್ತಾದ ಮೇಲೆ ಮನೆಯಲ್ಲಿ ದೊಡ್ಡ ಗಲಾಟೆ. ಮರುವಾರವೇ ಮಗಳು ತನ್ನ ಬೋನಸ್ಸಿನಲ್ಲಿ ಯಂತ್ರ ತಂದಳು. "ಅಜ್ಜೀ, ಇನ್ನು ಮೇಲೆ ನೀನು ಬಿಸಿನೀರು ಮುಟ್ಟಬೇಡ. ಈ ಗುಂಡಿ ಒತ್ತು, ಸಾಕು."

ಯಂತ್ರದ ಒಳಗುಟ್ಟು ಬಲು ಸರಳ. ಹೆಬ್ಬೆರಳ ತುದಿಯಷ್ಟು ದೊಡ್ಡ ಅಲ್ಯುಮಿನಿಯಂ ಕರಂಡಿಕೆಯಲ್ಲಿ ಐದಾರು ಗ್ರಾಂ ಪುಡಿ, ಗಾಳಿಯಾಡದಂತೆ ಮುಚ್ಚಿರುತ್ತದೆ. ಸನ್ನೆ ಅದುಮಿದರೆ ಮೊಳೆಗಳು ಅದರ ಬೆನ್ನಿಗೆ ತೂತು ಮಾಡುತ್ತವೆ. ಪಂಪು ಬಿಸಿನೀರನ್ನು ಒಳಕ್ಕೆ ನೂಕುತ್ತದೆ. ಹಲವು ಯಂತ್ರಗಳ ಪಂಪಿಗೆ 19 ಬಾರ್ ಒತ್ತಡದ ಶಕ್ತಿ. ಕಾರಿನ ಗಾಲಿಯೊಳಗಿನ ಒತ್ತಡ ಎರಡು ಬಾರಿಗಿಂತ ತುಸು ಹೆಚ್ಚು ಎಂದರೆ ನಿಮಗೆ ಅಂದಾಜಾಗುತ್ತದೆ. ಒತ್ತಡ ತಾಳಲಾರದೆ ಮುಂದಿನ ಹಾಳೆ ಹರಿದು ಕಾಫಿ ಹೊರಕ್ಕೆ ಬರುತ್ತದೆ, ಮೇಲೆ ನೊರೆ ಹೊತ್ತು. ಸ್ವಿಜರ್ಲೆಂಡಿನ ನೆಸ್ಲೆ ಕಂಪನಿಯ ಎಂಜಿನಿಯರ್ ಎರಿಕ್ ಫಾವ್ರ್ 1970ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಇದು. ನೆಸ್ಪ್ರೆಸ್ಸೊ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ನಾನು ಹೈದರಾಬಾದಿಗೆ ಬಂದ ವರ್ಷವೇ, ನೋಡಿ. ಈಗ ಅದೇ ಅಳತೆಯ ಕ್ಯಾಪ್ಸೂಲುಗಳನ್ನು ನಮ್ಮ ದೇಶದಲ್ಲೂ ಮಾಡುತ್ತಾರೆ.

ಅಜ್ಜಿ ಯಂತ್ರವನ್ನು ನೋಡಿ ಕೇಳಿದ ಮೊದಲ ಪ್ರಶ್ನೆ ರುಚಿಯದ್ದಲ್ಲ. "ಒಂದಕ್ಕೆ ಎಷ್ಟು?" ಮಗಳು ಐವತ್ತು ರೂಪಾಯಿ ಎಂದಳು. "ಒಳಗೆ ಎಷ್ಟು ಪುಡಿ?" ಐದು ಗ್ರಾಂ. ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಒಂದು ಕ್ಷಣ ಸುಮ್ಮನಿದ್ದು ಹೇಳಿದರು, "ಹಾಗಾದ್ರೆ ಕೆ.ಜಿ.ಗೆ ಹತ್ತು ಸಾವಿರ ಆಯ್ತಲ್ಲೇ!" ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ನನಗೆ ಆ ಲೆಕ್ಕ ಹೊಳೆದೇ ಇರಲಿಲ್ಲ. ಡಬ್ಬಿಯ ಮೇಲೆ ಇಟಲಿಯ ಹೆಸರು ಕಂಡು ಇನ್ನೊಂದು ಪ್ರಶ್ನೆ: "ಇಟಲೀಲಿ ಕಾಫಿ ಬೆಳೀತಾರೇನು?" ಇಲ್ಲ. ಬೆಳೆಯುವವರು ನಾವು. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಪಾಲು ಕರ್ನಾಟಕದ್ದು, ಅದೂ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದ್ದು. ನಮ್ಮ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿಗೆ ಮುಂಚೂಣಿಯ ಸ್ಥಾನ. ಸಕಲೇಶಪುರದ ಬೀಜ ಹಡಗೇರಿ ಹೋಗಿ ಇಟಲಿಯ ಹೆಸರು ಇಟ್ಟುಕೊಂಡು ಕೊಂಡಾಪುರಕ್ಕೆ ಬಂದಿದ್ದರೂ ಆಶ್ಚರ್ಯವಿಲ್ಲ ಎಂದೆ. "ಅದಕ್ಕೇ ದುಬಾರಿ, ಪ್ರಯಾಣದ ಖರ್ಚು" ಎಂದರು.

ಮಗಳು ಬಿಸಿ ಹಾಲು ಬೆರೆಸಿ ಮೊದಲ ಲೋಟ ಕೊಟ್ಟಳು. ಅಜ್ಜಿ ಎರಡು ಗುಟುಕು ಕುಡಿದು ಕೆಳಗಿಟ್ಟರು. "ಕಹಿ ಇದೆ. ಕಾಫಿ ಎಲ್ಲಿದೆ?"

ತಪ್ಪು ಯಂತ್ರದ್ದಲ್ಲ. ಅದು ಚಿಕೋರಿಯಿಲ್ಲದ, ಇನ್ನೊಂದು ದೇಶದ ಅಭ್ಯಾಸಕ್ಕೆ ಹುರಿದ ಕಾಫಿ. ಅದರಿಂದ ಫಿಲ್ಟರ್ ಕಾಫಿಯನ್ನು ಕೇಳಿದ್ದು ನಮ್ಮ ತಪ್ಪು. ದೊಡ್ಡ ಲೋಟದ ಗುಂಡಿ ಒತ್ತಿದೆವು, ಇನ್ನೂ ನೀರಾಯಿತು. ವೆನಿಲಾ ಪರಿಮಳದ್ದು ತಂದೆವು; ಊದಿನಕಡ್ಡಿ ನೆನೆಸಿದ ನೀರು ಕುಡಿದ ಹಾಗಾಯಿತು, ಅದರ ಮಾತು ಬೇಡ. ಕೊನೆಗೆ ಅಜ್ಜಿಗೆ ನಾನೇ ಫಿಲ್ಟರ್ ಹಾಕಿ ಕೊಡುತ್ತೇನೆ ಎಂದೆ. ಕುಡಿದರು, ಏನೂ ಹೇಳಲಿಲ್ಲ. ಆದರೆ ಐದು ಗಂಟೆಗೆ ಏಳುವುದನ್ನು ಬಿಟ್ಟರು. ಏಳಾಯಿತು, ಎಂಟಾಯಿತು. "ಎದ್ದು ಮಾಡೋದು ಏನಿದೆ?" ಎಂದರು. ಸುಟ್ಟ ಗಾಯ ಹದಿನೈದು ದಿನದಲ್ಲಿ ಮಾಗಿತ್ತು. ನಮಗೆ ಚಿಂತೆ ಹತ್ತಿದ್ದು ಈ ಮಾತಿನಿಂದ. ಹಗಲೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗುವ ಅಜ್ಜಿಯನ್ನು ನಮ್ಮ ಮನೆ ಕಂಡಿರಲಿಲ್ಲ.

ಆ ಬೇಸಿಗೆ ನಿಮಗೂ ನೆನಪಿರಬೇಕು, ಸೆಕೆ ನಲವತ್ತು ದಾಟಿ ಕುಳಿತಿತ್ತು. ಯಾರಿಗೂ ಬಿಸಿ ಲೋಟ ಮುಟ್ಟುವ ಮನಸ್ಸಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಯಂತ್ರದಿಂದ ತಣ್ಣನೆಯ ಕಾಫಿ ಮಾಡುತ್ತೇನೆಂದು ಮಗಳು ಹೊರಟಳು. ಮೊದಲ ದಿನ ಫ್ರಿಜ್ಜಿನಿಂದ ತೆಗೆದ ಗಾಜಿನ ಲೋಟಕ್ಕೆ ಬಿಸಿ ಕಾಫಿ ನೇರವಾಗಿ ಬಿಟ್ಟಳು. ಲೋಟ ಟಪ್ ಎಂದು ಸೀಳಿತು. ಎರಡನೆಯ ದಿನ ಸ್ಟೀಲ್ ಲೋಟ. ಸಕ್ಕರೆಯನ್ನು ಕೊನೆಗೆ ಹಾಕಿದಳು, ಅದು ಕರಗದೆ ತಳದಲ್ಲಿ ಮರಳಿನಂತೆ ಕುಳಿತಿತು. ಮೂರನೆಯ ದಿನ ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಕಾಫಿ ತೆಳ್ಳಗೆ, ಪೇಲವ, ಕಾಫಿ ತೊಳೆದ ನೀರಿನಂತೆ.

ಏಕೆ ಹಾಗಾಯಿತೆಂದು ಹೈಸ್ಕೂಲಿನ ವಿಜ್ಞಾನ ಹೇಳುತ್ತದೆ. ಒಂದು ಗ್ರಾಂ ಮಂಜು ಕರಗಲು 80 ಕ್ಯಾಲೊರಿ ಶಾಖ ಬೇಕು. ಯಂತ್ರದ ಚಿಕ್ಕ ಗುಂಡಿ ಕೊಡುವುದು ಸುಮಾರು 40 ಮಿಲಿ ಲೀಟರ್ ಕಾಫಿ. ಅದು 80 ಡಿಗ್ರಿಯಿಂದ ಸೊನ್ನೆಯ ತನಕ ತಣಿಯಬೇಕಾದರೆ ಹತ್ತಿರ ಹತ್ತಿರ 40 ಗ್ರಾಂ ಮಂಜು ಕರಗಬೇಕು. ಅಂದರೆ ಕಾಫಿಗೆ ಅದರಷ್ಟೇ ತಣ್ಣೀರು ಸುರಿದ ಲೆಕ್ಕ. ಇದನ್ನು ನಾನು ಕಾಗದದ ಮೇಲೆ ಬರೆದು ಮಗಳಿಗೆ ವಿವರಿಸುತ್ತಿದ್ದೆ. ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿದ್ದ ಅಜ್ಜಿ ಈ ಕಡೆ ಹೊರಳಿದರು.

"ಐಸಲ್ಲಿ ಏನಿದೆ? ಬರೀ ನೀರು ತಾನೆ? ನೀರು ಯಾಕೆ ಹಾಕ್ತೀರಿ? ಡಿಕಾಕ್ಷನ್ನನ್ನೇ ಐಸು ಮಾಡಿ."

ಮಗಳು ಪೆನ್ನು ಕೆಳಗಿಟ್ಟಳು. ಅಜ್ಜಿ ಎದ್ದು ಕುಳಿತರು. "ಮೊದಲ ಡಿಕಾಕ್ಷನ್ ನಿಮ್ಮಪ್ಪನ ಬಿಸಿ ಕಾಫಿಗೆ. ಎರಡನೇದು ಯಾರೂ ಕುಡಿಯಲ್ಲ ಅಂತ ಚೆಲ್ತೀರಲ್ಲ, ಅದನ್ನ ಐಸಿಗೆ ಹಾಕು."

ಎರಡನೇ ಡಿಕಾಕ್ಷನ್ ಎಂದರೇನೆಂದು ನಿಮಗೆ ಗೊತ್ತಿಲ್ಲದಿರಬಹುದು. ಒಮ್ಮೆ ಇಳಿದ ಪುಡಿಯ ಮೇಲೆಯೇ ಮತ್ತೊಮ್ಮೆ ಬಿಸಿನೀರು ಹಾಕಿದರೆ ಬರುವುದು ಅದು. ತೆಳು, ಆದರೆ ಚಿಕೋರಿಯ ಬಣ್ಣ, ವಾಸನೆ ಅದರಲ್ಲಿ ಉಳಿದೇ ಇರುತ್ತದೆ. ಹಿಂದೆ ದೊಡ್ಡ ಮನೆಗಳಲ್ಲಿ ಅದನ್ನು ಮಕ್ಕಳಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಇಡುತ್ತಿದ್ದರು. ಬಡತನದ ಉಪಾಯ. ಅದೇ ಈಗ ನಮ್ಮ ಫ್ರಿಜ್ಜಿನೊಳಗೆ ಕಂದು ಬಣ್ಣದ ಸಾಲು ಸಾಲು ಮಂಜುಗಡ್ಡೆ.

ಮಾಡುವ ಕ್ರಮ ಹೇಳುತ್ತೇನೆ. ರಾತ್ರಿ ಎರಡನೇ ಡಿಕಾಕ್ಷನ್ ಪೂರ್ತಿ ಆರಿದ ಮೇಲೆ ಟ್ರೇಗೆ ತುಂಬಿ ಮುಚ್ಚಿಡಿ. ಮುಚ್ಚದಿದ್ದರೆ ಪಕ್ಕದ ಕೊತ್ತಂಬರಿ ಚಟ್ನಿಯ ವಾಸನೆಯೆಲ್ಲ ಅದಕ್ಕೆ. ಹಾಲು ಕಾಸಿ, ಆರಿಸಿ, ಕೆನೆ ತೆಗೆದು ಫ್ರಿಜ್ಜಿನಲ್ಲಿಡಿ. ಗಟ್ಟಿ ಹಾಲೇ ಆಗಬೇಕು. ನಮ್ಮ ನಂದಿನಿ ಹಾಲು ಇಲ್ಲಿಯೂ ಸಿಗುತ್ತದೆ. ಆದರೆ ಹಾಲಿನ ವಿಷಯದಲ್ಲಿ ಅಜ್ಜಿಗೆ ರಾಜ್ಯಾಭಿಮಾನವಿಲ್ಲ, ಕೆನೆ ಕಟ್ಟಿದರಾಯಿತು. ಮಾಡುವ ಹೊತ್ತಿಗೆ ಚಿಕ್ಕ ಸ್ಟೀಲ್ ಬಟ್ಟಲಲ್ಲಿ ಒಂದೂವರೆ ಚಮಚ ಸಕ್ಕರೆ ಹಾಕಿ ಯಂತ್ರದ ಕೆಳಗಿಟ್ಟು ಚಿಕ್ಕ ಗುಂಡಿಯನ್ನೇ ಒತ್ತಿ. ದೊಡ್ಡ ಗುಂಡಿಯ ಆಸೆಗೆ ಬೀಳಬೇಡಿ. ಅದೇ ಐದು ಗ್ರಾಂ ಪುಡಿಯಿಂದ ಜಾಸ್ತಿ ನೀರು ಎಳೆದರೆ ಕೊನೆಗೆ ಬರುವುದು ಕಹಿ ಮಾತ್ರ. ಇನ್ನೂ ಬೇಕೆಂದರೆ ಇನ್ನೊಂದು ಕ್ಯಾಪ್ಸೂಲ್ ಹಾಕಿ, ಅಜ್ಜಿಗೆ ಲೆಕ್ಕ ಒಪ್ಪಿಸಿ. ಬಿಸಿಯಲ್ಲೇ ಸಕ್ಕರೆ ಕರಗಿಸಿ. ಉದ್ದನೆಯ ಲೋಟಕ್ಕೆ ನಾಲ್ಕು ಡಿಕಾಕ್ಷನ್ ಗಡ್ಡೆ, ಅದರ ಮೇಲೆ ಅರ್ಧ ಲೋಟ ತಣ್ಣನೆಯ ಹಾಲು, ಕೊನೆಗೆ ಕಾಫಿ. ಕಾಫಿ ಹಾಲಿನೊಳಗೆ ಎಳೆ ಎಳೆಯಾಗಿ ಇಳಿಯುವುದು ನೋಡಲು ಚೆಂದ, ಆದರೆ ಅಜ್ಜಿ ಆ ಸೊಗಸನ್ನೆಲ್ಲ ಸಹಿಸುವುದಿಲ್ಲ. ಇನ್ನೊಂದು ಲೋಟಕ್ಕೆ ಎತ್ತಿ ಹೊಯ್ದು ನೊರೆ ಬರಿಸುತ್ತಾರೆ, ಬಿಸಿ ಕಾಫಿಯಂತೆಯೇ. ಬಿಸಿ ಏನೂ ಇಲ್ಲದ್ದರಿಂದ ನಡುಗುವ ಕೈಯಲ್ಲೂ ಧೈರ್ಯವಾಗಿ ಹೊಯ್ಯುತ್ತಾರೆ. ಕೆಳಗೆ ಚೆಲ್ಲುತ್ತದೆ. ಚೆಲ್ಲಲಿ.

ಕುಡಿದು ನೋಡಿ. ಮೊದಲ ಗುಟುಕಿನಲ್ಲಿ ಇಟಲಿ. ಗಡ್ಡೆ ಕರಗುತ್ತಾ ಹೋದಂತೆ ಬೆಳಿಗ್ಗೆ ಅಬಿಡ್ಸಿನಲ್ಲಿ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಚಿಕೋರಿ ನಿಧಾನವಾಗಿ ಬರುತ್ತದೆ. ಮಾಮೂಲಿ ತಣ್ಣನೆಯ ಕಾಫಿ ಕೊನೆಗೆ ಬರುತ್ತಾ ನೀರಾಗುತ್ತದೆ. ಇದರ ಕೊನೆಯೇ ರುಚಿ. ಬಿಸಿಯಲ್ಲಿ ಫಿಲ್ಟರ್ ಕಾಫಿಯ ಮುಂದೆ ಸೋತ ಕ್ಯಾಪ್ಸೂಲು ಇಲ್ಲಿ ಗೆಲ್ಲುತ್ತದೆ, ಏಕೆಂದರೆ ತಣ್ಣನೆಯ ಕಾಫಿಗೆ ಬೇಕಾದದ್ದೇ ಸ್ವಲ್ಪದರಲ್ಲಿ ಹೆಚ್ಚು ಕಡಕು.

ಟ್ರೇ ತುಂಬಿಸುವುದು ಮರೆತ ದಿನ ನೆಂಟರು ಬಂದರೆ? ಆಗ ಮೊಅಜ್ಜಂ ಜಾಹಿ ಮಾರ್ಕೆಟ್ಟಿನ ಪಾಠ. ಅಗಲ ಪಾತ್ರೆಯಲ್ಲಿ ಮಾಮೂಲಿ ಐಸು, ಒಂದು ಹಿಡಿ ಕಲ್ಲುಪ್ಪು. ಅದರ ನಡುವೆ ಕಾಫಿಯ ಸ್ಟೀಲ್ ಬಟ್ಟಲನ್ನಿಟ್ಟು ಕೆಲವು ನಿಮಿಷ ಚಮಚದಲ್ಲಿ ತಿರುಗಿಸುತ್ತಿರಿ. ಹನಿ ನೀರು ಸೇರದೆ ಕೊರೆಯುವಷ್ಟು ತಣ್ಣಗಾಗುತ್ತದೆ. ಉಪ್ಪುನೀರು ಬಟ್ಟಲೊಳಗೆ ತುಳುಕದಂತೆ ಮಾತ್ರ ನೋಡಿಕೊಳ್ಳಿ. ನನ್ನ ಷಡ್ಡಕರಿಗೆ ಒಮ್ಮೆ ಉಪ್ಪು ಕಾಫಿಯೇ ಪ್ರಾಪ್ತವಾಯಿತು. ಕಲಬುರಗಿಯವರು, ಮರ್ಯಾದಸ್ಥರು, ಪೂರ್ತಿ ಕುಡಿದು "ಛಲೋ ಐತ್ರಿ, ಆದ್ರ ಮುಂದಿನ ಸಲ ಚಹಾ ಮಾಡ್ರಿ" ಎಂದರು.

ನೀರಿನ ಒಂದು ಮಾತು ಹೇಳದೆ ಬಿಡಲಾರೆ, ನಮ್ಮ ಯಂತ್ರ ಒಮ್ಮೆ ಕೆಟ್ಟು ಕುಳಿತದ್ದೇ ನೀರಿನಿಂದ. ಈ ಕಡೆಯ ಬಡಾವಣೆಗಳಲ್ಲಿ ಬೋರ್ ನೀರು ಗಡುಸು. ಅದನ್ನೇ ತುಂಬುತ್ತಿದ್ದೆವು, ಆರು ತಿಂಗಳಲ್ಲಿ ಒಳಗೆಲ್ಲ ಸುಣ್ಣ ಕಟ್ಟಿ ಕಾಫಿ ಹನಿ ಹನಿಯಾಗಿ ಬರತೊಡಗಿತು. ರಿಪೇರಿಯ ಹುಡುಗ ಹೇಳಿದ ಮೇಲೆ ಮೂರು ತಿಂಗಳಿಗೊಮ್ಮೆ ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಕರಗಿಸಿ ಯಂತ್ರದ ಮೂಲಕ ಹಾಯಿಸಿ, ಆಮೇಲೆ ಎರಡು ಸಲ ಬರೀ ನೀರು ಬಿಡುತ್ತೇವೆ. ಕುಡಿಯುವುದಕ್ಕೂ ಯಂತ್ರಕ್ಕೂ ನಲ್ಲಿ ನೀರನ್ನೇ ಸೋಸಿ ಬಳಸುತ್ತೇವೆ. ಆ ನಲ್ಲಿ ನೀರು ಎಲ್ಲಿಯದು ಗೊತ್ತೆ? ಈ ಊರು ಕುಡಿಯುವ ಮಾಂಜ್ರಾ ನದಿಯ ನೀರು ಬೀದರ್ ಜಿಲ್ಲೆಯನ್ನು ಹಾದು ಸಿಂಗೂರಿನ ಜಲಾಶಯಕ್ಕೆ ಬಂದದ್ದು. ಕೃಷ್ಣೆಯ ನೀರು ರಾಯಚೂರಿನ ಸೀಮೆ ದಾಟಿ ನಾಗಾರ್ಜುನ ಸಾಗರಕ್ಕೆ ಬಂದದ್ದು. ಇದನ್ನು ನನ್ನಾಕೆ ಯಾವಾಗಲೂ ಹೇಳುತ್ತಾಳೆ: "ಪುಡಿ ನಿಮ್ಮ ಊರಿಂದ ಇರಬಹುದು, ನೀರು ನಮ್ಮ ಕಡೀದು."

ಬಳಸಿದ ಕ್ಯಾಪ್ಸೂಲುಗಳನ್ನು ಎಸೆಯುವಂತಿಲ್ಲ. ಅಜ್ಜಿ ಮಧ್ಯಾಹ್ನ ಕುಳಿತು ಒಂದೊಂದರದ್ದೇ ಹಾಳೆ ಬಿಡಿಸಿ, ಚರಟವನ್ನು ಕರಿಬೇವಿನ ಕುಂಡಕ್ಕೆ ಹಾಕಿ, ಅಲ್ಯುಮಿನಿಯಂ ತೊಳೆದು ಚೀಲದಲ್ಲಿ ಕೂಡಿಡುತ್ತಾರೆ. ಹಳೆ ಸಾಮಾನಿನವನ ಜೊತೆ ಅದಕ್ಕೆ ಚೌಕಾಸಿ ನಡೆಯುತ್ತದೆ. ಹತ್ತು ಸಾವಿರದಲ್ಲಿ ಎಷ್ಟು ವಾಪಸು ಬಂತೆಂದು ನಾವು ಕೇಳುವುದಿಲ್ಲ.

ಫಿಲ್ಟರಿಗೆ ಕುದಿಯುವ ನೀರು ಹಾಕುವವಳು ಈಗ ಮಗಳು. ಪುಡಿಯನ್ನು ಎಷ್ಟು ಒತ್ತಬೇಕು, ನೀರು ಕುದಿ ಬಂದು ಎಷ್ಟು ಹೊತ್ತಾಗಿರಬೇಕು ಎಂದು ಮಣೆಯ ಮೇಲಿಂದ ಅಪ್ಪಣೆಯಾಗುತ್ತದೆ. ಬೆಳಗಿನ ಐದು ಗಂಟೆ ಐದೂವರೆಯಾಗಿದೆ, ಅಷ್ಟೆ. ಇಳಿಯುವ ತನಕ ಇಬ್ಬರೂ ಅಲ್ಲೇ ಕೂರುತ್ತಾರೆ. ಒಳಗಿನಿಂದ ನಗು ಕೇಳುತ್ತದೆ, ನನ್ನ ಬಗ್ಗೆ ಇರಬೇಕು.

ನೀವು ಬಂದು ಹೋದ ರಾತ್ರಿ ಮಗಳು ಟ್ರೇಯನ್ನು ಮತ್ತೆ ತುಂಬಿಸಿಡುತ್ತಾಳೆ. ಎಷ್ಟು ಗಡ್ಡೆ ತೆಗೆದುಕೊಂಡಿರೆಂದು ಹೇಳಿ ಹೋಗಿ. ಬೆಳಿಗ್ಗೆ ಅಜ್ಜಿ ಎಣಿಸುತ್ತಾರೆ.